ಗಿರಣಿಗೆ ಸೌರವಿದ್ಯುತ್: ಕಾಳು ಹಗಲೇ ತನ್ನಿ



ಊರ ಹಿಟ್ಟಿನ ಗಿರಣಿಯ ಮುಂದೆ ಜನ ಸೇರುವುದು ಯಾವಾಗ? ಹೊತ್ತು ಮುಳುಗಿದ ಮೇಲೆ. ಹೊಲದಿಂದ ಬಂದು, ಕೈಕಾಲು ತೊಳೆದು, ಜೋಳದ ಪುಟ್ಟಿ ಹೊತ್ತು ಹೋಗುತ್ತೀರಿ. ನಡುಹಗಲಲ್ಲಿ ಗಿರಣಿಯವರು ಕಟ್ಟೆಯ ಮೇಲೆ ತೂಕಡಿಸುತ್ತಿರುತ್ತಾರೆ. ಸೌರಫಲಕಗಳು ಅತಿ ಹೆಚ್ಚು ವಿದ್ಯುತ್ ಕೊಡುವುದು ಅದೇ ಹೊತ್ತಿನಲ್ಲಿ.

ಈಗ ದೊಡ್ಡ ಉದ್ದಿಮೆಗಳು ತಮಗೆ ಬೇಕಾದ ವಿದ್ಯುತ್ತನ್ನು ತಾವೇ ಉತ್ಪಾದಿಸಿಕೊಳ್ಳತೊಡಗಿವೆ. ಕೇರಳದ ಕೊಚ್ಚಿ ವಿಮಾನ ನಿಲ್ದಾಣದವರು 2013ರಲ್ಲಿ ಕಟ್ಟಡದ ಛಾವಣಿಯ ಮೇಲೆ 100 ಕಿಲೋವಾಟ್‌ನಿಂದ ಆರಂಭಿಸಿದರು. ಲೆಕ್ಕ ಕೂಡಿಬಂದಿತು. 2015ರ ಆಗಸ್ಟ್‌ನಲ್ಲಿ 45 ಎಕರೆಯಲ್ಲಿ 12 ಮೆಗಾವಾಟ್ ಸ್ಥಾವರವೇ ಸಿದ್ಧವಾಯಿತು. ಹಗಲು ಮಿಕ್ಕಿದ್ದನ್ನು ವಿದ್ಯುತ್ ಮಂಡಳಿಗೆ ಕೊಟ್ಟು ರಾತ್ರಿ ಮರಳಿ ಪಡೆಯುವ ಏರ್ಪಾಡು ಅವರದು. ಫಲಕಗಳ ನಡುವಿನ ನೆಲವನ್ನೂ ಬಿಡದೆ ತರಕಾರಿ ಬೆಳೆಯುತ್ತಾರೆ. ಫಲಕ ತೊಳೆದ ನೀರೇ ಅದಕ್ಕೆ ಆಧಾರ.

ಅಷ್ಟು ದೊಡ್ಡ ಮಾತು ನಮಗೆ ಬೇಡ. ನಮ್ಮ ಗಿರಣಿಯ ಲೆಕ್ಕ ನೋಡೋಣ. 10 ಅಶ್ವಶಕ್ತಿಯ ಮೋಟಾರು ಎಂದರೆ ಸುಮಾರು ಏಳೂವರೆ ಕಿಲೋವಾಟ್. ಪೂರ್ತಿ ಹೊರೆಯಲ್ಲಿ ನಾಲ್ಕು ಗಂಟೆ ಓಡಿದರೆ 30 ಯೂನಿಟ್‌ಗಿಂತ ತುಸು ಹೆಚ್ಚು ಖರ್ಚು. ನಮ್ಮ ಬಿಸಿಲಿನಲ್ಲಿ ಒಂದು ಕಿಲೋವಾಟ್ ಫಲಕ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ಅದಕ್ಕೆ ಬೇಕಾದ ಜಾಗ ಸುಮಾರು 100 ಚದರ ಅಡಿ. ಅಂದರೆ 1000 ಚದರ ಅಡಿಯ ಛಾವಣಿಯಲ್ಲಿ 10 ಕಿಲೋವಾಟ್ ಹಾಕಿದರೆ 40 ಯೂನಿಟ್. ಮುಂಗಾರಿನ ಮೋಡದಲ್ಲಿ ಈ ಇಳುವರಿಯೂ ತಗ್ಗುತ್ತದೆನ್ನಿ.

ನನ್ನ ವಲಯದ ಗಿರಣಿಯವರೊಬ್ಬರು ಸಾಲ ಮಾಡಿ ಫಲಕ ಹಾಕಿಸಿದರು. ಹಾಕಿಸಿ ಎಂದು ಹುರಿದುಂಬಿಸಿದವನು ನಾನೇ. ಮೊದಲ ಸಲ ಲೈನ್ ಹೋದಾಗ, ನೆತ್ತಿಯ ಮೇಲೆ ಸುಡುಬಿಸಿಲಿದ್ದರೂ ಗಿರಣಿ ನಿಂತುಬಿಟ್ಟಿತು. "ಏನ್ ಸಾಹೇಬ್ರ, ಸೂರ್ಯನ ಕರೆಂಟೂ ಹೋಗತೈತೇನ್ರಿ?" ಎಂದು ಫೋನ್ ಮಾಡಿದರು. ಹೌದು, ಹೋಗುತ್ತದೆ. ಲೈನಿಗೆ ಜೋಡಿಸಿದ ಸಾಮಾನ್ಯ ಇನ್ವರ್ಟರ್, ಲೈನ್ ಹೋದೊಡನೆ ತಾನೂ ನಿಲ್ಲಬೇಕು. ಇಲ್ಲವಾದರೆ ಕಂಬ ಹತ್ತಿದ ಲೈನ್‌ಮನ್ ಜೀವಕ್ಕೇ ಅಪಾಯ. ಮಾರಿದವರು ಇದನ್ನು ತಿಳಿಸಿರಲಿಲ್ಲ. ನಾನೂ ತಿಳಿಸಿರಲಿಲ್ಲ.

ಲೈನಿನ ಹಂಗಿಲ್ಲದೆ ಓಡಿಸುವ ಏರ್ಪಾಡೂ ಉಂಟು. ಆದರೆ ಮೋಟಾರು ಎದ್ದು ನಿಲ್ಲುವ ಕ್ಷಣದಲ್ಲಿ ಮಾಮೂಲಿನ ಹಲವು ಪಟ್ಟು ವಿದ್ಯುತ್ ಎಳೆಯುವುದರಿಂದ, ಅದನ್ನು ಮೆಲ್ಲಗೆ ಎಬ್ಬಿಸುವ ಡ್ರೈವ್ ಬೇಕು. ಸಂಜೆಯೂ ಬೀಸಬೇಕೆಂದರೆ ಬ್ಯಾಟರಿ. ಬ್ಯಾಟರಿಗೆ ಹಣವೂ ಹೆಚ್ಚು, ಕೆಲ ವರ್ಷಗಳಲ್ಲಿ ಬದಲಿಸುವ ಖರ್ಚು ಬೇರೆ. ಹಳ್ಳಿಯ ಗಿರಣಿಗೆ ಅದು ಬೇಡವೆಂದೇ ನನ್ನ ಖಚಿತ ಅಭಿಪ್ರಾಯ. ಮಿಕ್ಕಿದ ವಿದ್ಯುತ್ತನ್ನು ಲೈನಿಗೆ ಕೊಡುವುದಾದರೆ, ಸಿಗುವ ದರವೆಷ್ಟು, ಸಂಜೆ ಕೊಳ್ಳುವ ದರವೆಷ್ಟು ಎಂಬುದನ್ನು ವಿದ್ಯುತ್ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಬೇಕು. ಕೊಡುವಾಗ ಅಗ್ಗ, ಕೊಳ್ಳುವಾಗ ತುಟ್ಟಿಯಾದರೆ ಹಗಲೇ ಬೀಸಿ ಮುಗಿಸುವುದು ಲೇಸು.

ಅದಕ್ಕೆ ನಿಮ್ಮ ಸಹಕಾರ ಬೇಕು. ಹೊಲಕ್ಕೆ ಹೋಗುವಾಗ ಕಾಳನ್ನು ಗಿರಣಿಯಲ್ಲಿ ಇಟ್ಟು ಹೋಗಿ. ಬರುವಾಗ ಹಿಟ್ಟು ಒಯ್ಯಿರಿ. ಚೀಲಕ್ಕೆ ಹೆಸರು ಬರೆದರೆ ಸಾಕು, ಅದಲುಬದಲಾಗದು. ಗಿರಣಿ ನಿಮ್ಮ ಸ್ವಂತದ್ದಾದರೆ ಇನ್ನೊಂದು ಮಾತು: ಹಿಟ್ಟಿನ ಧೂಳು ಫಲಕದ ಮೇಲೆ ಕೂತು ಗಟ್ಟಿಯಾಗುತ್ತದೆ. ಬೆಳಗಿನ ತಂಪಿನಲ್ಲಿ ತೊಳೆಯಿರಿ. ಕಾದ ಗಾಜಿಗೆ ತಣ್ಣೀರು ಎರಚಬೇಡಿ. ತೆಂಗಿನ ಮರದ ನೆರಳು ಬೀಳುವ ಕಡೆ ಫಲಕ ಹಾಕಿಸಬೇಡಿ.

ಆ ಗಿರಣಿಯವರು ಈಗ ಬೆಳಿಗ್ಗೆ ಕಾಳು ಇಟ್ಟುಹೋದವರಿಗೆ ಕಿಲೋಗೆ ಅರ್ಧ ರೂಪಾಯಿ ಬಿಡುತ್ತಿದ್ದಾರೆ. ಹತ್ತಾರು ಮನೆಯವರು ಒಗ್ಗಿಕೊಂಡಿದ್ದಾರೆ. ಉಳಿದವರು ಸಂಜೆಯೇ ಬರುತ್ತಾರೆ. ಅವರಿಗೆ ಕಟ್ಟೆಯ ಹರಟೆಯೂ ಬೇಕು.