ಒಂದು ಹನಿ ರಕ್ತದ ಲೆಕ್ಕ

ಮೂರ್ಛೆರೋಗವಿರುವ ಮಗುವಿನ ತಾಯಿಗೆ ಎರಡು ಭಯ: ಒಂದು ಸೆಳೆತದ್ದು, ಇನ್ನೊಂದು ಸೂಜಿಯದು. ಆದರೂ ಔಷಧಿಯು ರಕ್ತದಲ್ಲಿ ಎಷ್ಟಿದೆಯೆಂದು ಕೆಲವೊಮ್ಮೆ ಅಳೆಯಲೇಬೇಕಾಗುತ್ತದೆ. ಫೆನಿಟಾಯಿನ್ ಎಂಬ ಔಷಧಿ ಸಾಮಾನ್ಯವಾಗಿ ಮಿಲಿಲೀಟರಿಗೆ 10ರಿಂದ 20 ಮೈಕ್ರೋಗ್ರಾಂ ಇರಬೇಕು. ಕಡಿಮೆಯಾದರೆ ಸೆಳೆತ ಮರಳಬಹುದು. ಹೆಚ್ಚಾದರೆ ನಡಿಗೆ ತಡವರಿಸಬಹುದು, ಕಣ್ಣು ಮಂಜಾಗಬಹುದು. ಅದನ್ನು ಕರಗಿಸುವ ಯಕೃತ್ತಿನ ಶಕ್ತಿಗೆ ಮಿತಿಯಿರುವುದರಿಂದ, ಮಾತ್ರೆಯನ್ನು ತುಸು ಹೆಚ್ಚಿಸಿದರೂ ರಕ್ತದಲ್ಲಿ ಮಟ್ಟ ಬಹಳ ಏರಬಲ್ಲದು.

ತೋಳಿನ ರಕ್ತನಾಳಕ್ಕೆ ಸೂಜಿ ಚುಚ್ಚುವ ಬದಲು, ಬೆರಳ ತುದಿಯ ಒಂದೆರಡು ಹನಿಗಳನ್ನು ವಿಶೇಷ ಕಾಗದದ ಮೇಲೆ ಒಣಗಿಸಿ ಅಳೆಯುವ ವಿಧಾನವೂ ಇದೆ. ಗೋವೆಗೆ ಈ ಕಾಗದ ಹೊಸತಲ್ಲ: 2008ರಲ್ಲಿ ಇಲ್ಲಿ ಆರಂಭವಾದ ನವಜಾತ ಶಿಶುಗಳ ತಪಾಸಣೆಯಲ್ಲಿ ಹಿಮ್ಮಡಿಯ ರಕ್ತವನ್ನು ಹೀಗೆಯೇ ಸಂಗ್ರಹಿಸಲಾಯಿತು. ಒಣಗಿದ ಹನಿಯನ್ನು ದೂರದ ಪ್ರಯೋಗಾಲಯಕ್ಕೆ ಕಳುಹಿಸುವುದೂ ಸುಲಭ. ಆದರೆ ರಕ್ತಹೀನತೆಯಿದ್ದರೆ ಹನಿ ಹರಡುವ ರೀತಿ ಬದಲಾಗಿ ಅಂಕಿ ತಪ್ಪಬಹುದು. ಎಲ್ಲ ಪ್ರಯೋಗಾಲಯಗಳಲ್ಲಿಯೂ ಈ ಸೌಲಭ್ಯವಿಲ್ಲ. ನಿಮ್ಮ ವೈದ್ಯರನ್ನು ಕೇಳಿ ತಿಳಿಯಿರಿ.

ಪರೀಕ್ಷೆ ಯಾವುದೇ ಇರಲಿ, ಸಾಮಾನ್ಯವಾಗಿ ಬೆಳಗಿನ ಮಾತ್ರೆಗೆ ಮೊದಲೇ ರಕ್ತ ಕೊಡಬೇಕು. ಹಿಂದಿನ ಮಾತ್ರೆ ನುಂಗಿದ ಹೊತ್ತನ್ನು ಬರೆದು ಒಯ್ಯಬೇಕು. ರಜೆಗೆಂದು ವಿಜಯಪುರ, ಬಾಗಲಕೋಟೆಗಳ ಕಡೆಯ ಊರಿಗೆ ಹೋದಾಗ ಮಾತ್ರೆ ತಪ್ಪಿದ್ದರೆ ಅದನ್ನು ಮುಚ್ಚಿಡಬೇಡಿ. ಮುಚ್ಚಿಟ್ಟರೆ, ಕಡಿಮೆ ಬಂದ ಅಂಕಿಯನ್ನು ನಂಬಿ ವೈದ್ಯರು ಔಷಧಿಯನ್ನು ಹೆಚ್ಚಿಸಿಯಾರು. ನಮ್ಮ ಸಂಕೋಚದ ಹೊರೆಯನ್ನು ಮಗು ಹೊರಬಾರದು.