ಅಮ್ಮನನ್ನೂ ಒಳಗೆ ಕರೆಯಿರಿ

ನನ್ನ ಅಕ್ಕನ ಮಗನಿಗೆ ಐದು ವರ್ಷ. ಆಟಿಸಂ ಇದೆ, ಇನ್ನೂ ಮಾತು ಬಂದಿಲ್ಲ. ಬೇಕಾದದ್ದಕ್ಕೆಲ್ಲ ಕಿರುಚುವುದೊಂದೇ ದಾರಿ. ವಾರಕ್ಕೊಮ್ಮೆ ಅಕ್ಕ ಒಂದು ದಿನದ ಕೂಲಿ ಬಿಟ್ಟು, ಎರಡು ಬಸ್ಸು ಬದಲಿಸಿ, ಅವನನ್ನು ಥೆರಪಿಗೆ ಕರೆದೊಯ್ಯುತ್ತಾಳೆ. ಮುಕ್ಕಾಲು ಗಂಟೆ ಮಗು ಒಳಗೆ, ಅವಳು ಹೊರಗೆ ಬೆಂಚಿನ ಮೇಲೆ. ಬಾಗಿಲು ತೆರೆದಾಗ ಸಿಗುತ್ತಿದ್ದದ್ದು ಒಂದೇ ಮಾತು: ‘ಮನೇಲೂ ಅಭ್ಯಾಸ ಮಾಡಿಸಿ.’ ಏನನ್ನು, ಹೇಗೆ ಅಂತ ಹೇಳಿದವರಿಲ್ಲ.

ಒಮ್ಮೆ ಮಾತ್ರ, ‘ಅತ್ತರೆ ಮೊಬೈಲ್ ಕೊಡಬೇಡಿ’ ಅಂದರು. ಅಕ್ಕ ಕೊಡಲಿಲ್ಲ. ಮೊದಲ ದಿನ ಅರ್ಧ ಗಂಟೆ ಅತ್ತ. ಎರಡನೇ ದಿನ ಒಂದು ಗಂಟೆ. ಮೂರನೇ ದಿನ ಅಕ್ಕಪಕ್ಕದವರು ಬಾಗಿಲಿಗೆ ಬಂದರು. ಅವಳ ಅತ್ತೆ ‘ಮಗೂನ ಕೊಲ್ತೀಯೇನೆ’ ಎಂದು ಮೊಬೈಲ್ ಕೈಗಿಟ್ಟರು. ಮೊದಮೊದಲು ಅಳು ಹೆಚ್ಚಾಗಬಹುದು, ಆಗ ಸೋತು ಕೊಟ್ಟರೆ ‘ಇನ್ನೂ ಜೋರಾಗಿ ಅತ್ತರೆ ಸಿಗುತ್ತೆ’ ಎಂದೇ ಮಗು ಕಲಿಯುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ವರ್ಷದ ಮೇಲೆ ಹೊಸ ಥೆರಪಿಸ್ಟ್ ಬಂದರು, ಅಕ್ಕನನ್ನೂ ಒಳಗೆ ಕೂರಿಸಿಕೊಂಡರು. ಅಳು ನಿಲ್ಲಿಸಿದರೆ ಸಾಲದು, ಅಳುವ ಬದಲು ಕೇಳುವುದನ್ನು ಕಲಿಸಬೇಕು ಎಂದರು. ಬೆರಳು ತೋರಿಸಿದರೂ ಸಾಕು, ತಕ್ಷಣ ಕೊಡಿ, ಶಭಾಷ್ ಅನ್ನಿ. ತಾವು ಮಾಡಿ ತೋರಿಸಿ, ಅಕ್ಕನ ಕೈಲಿ ಮಾಡಿಸಿ, ತಪ್ಪಿದಲ್ಲಿ ತಿದ್ದಿದರು. ಈಗ ಅವನು ಬಿಸ್ಕತ್ ಡಬ್ಬಿಯ ಕಡೆ ಕೈ ತೋರಿಸುತ್ತಾನೆ. (ತಲೆ ಚಚ್ಚಿಕೊಳ್ಳುವ ಮಗುವಾದರೆ ಥೆರಪಿಸ್ಟರನ್ನು ಕೇಳದೆ ಇದಕ್ಕೆ ಕೈಹಾಕಬೇಡಿ.)

ಕಲಿಸಲು ದೊಡ್ಡ ಡಿಗ್ರಿಯೇ ಬೇಕೆಂದಿಲ್ಲ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ತಜ್ಞರಲ್ಲದ ಸ್ಥಳೀಯ ಕಾರ್ಯಕರ್ತರೇ ತರಬೇತಿ ಪಡೆದು ಆಟಿಸಂ ಇರುವ ಮಕ್ಕಳ ಪೋಷಕರಿಗೆ ಕಲಿಸಿದರು. ಮಕ್ಕಳು ತಾವಾಗಿಯೇ ಪೋಷಕರತ್ತ ತಿರುಗಿ ಸ್ಪಂದಿಸುವುದು ಹೆಚ್ಚಿತೆಂದು 2016ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಪತ್ರಿಕೆಯಲ್ಲಿ ಬಂದ ಅಧ್ಯಯನ ಹೇಳುತ್ತದೆ. ನಮ್ಮ ಪಂಚಾಯಿತಿಗಳಲ್ಲೂ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ನಾನು ಕಂಡಂತೆ ಅವರ ದಿನವೆಲ್ಲ ಮಾಸಾಶನ, ಯುಡಿಐಡಿ ಕಾರ್ಡಿನ ಅರ್ಜಿಗಳಲ್ಲೇ ಕಳೆಯುತ್ತದೆ. ಅವರಿಗೆ ಈ ತರಬೇತಿ ಕೊಡಿ, ಗೌರವಧನವನ್ನೂ ಹೆಚ್ಚಿಸಿ.

ಅಲ್ಲಿಯವರೆಗೆ ನೀವೇ ಕೇಳಿ: ‘ನಾನೂ ಒಳಗೆ ಕೂರಬಹುದಾ?’ ಸಾಧ್ಯವಾದರೆ ಅಜ್ಜಿಯನ್ನೂ ಒಮ್ಮೆ ಕರೆದೊಯ್ಯಿರಿ. ಅಕ್ಕನ ಅತ್ತೆ ಹೋಗಿ ಬಂದ ಮೇಲೆ ಮೊಬೈಲನ್ನು ಸೆರಗಿನಲ್ಲೇ ಮುಚ್ಚಿಡುತ್ತಾರೆ. ಭಾವ ಮಾತ್ರ ಇನ್ನೂ ಹೋಗಿಲ್ಲ. ರಾಗಿ ಕೊಯ್ಲು ಮುಗೀಲಿ ಅಂತಾರೆ.