ಕಾವಲು ಹಳಿ

ಹೊಳೆಯ ಮೇಲಿನ ರೈಲು ಸೇತುವೆಯನ್ನು ಗಮನವಿಟ್ಟು ನೋಡಿದವರಿಗೆ, ಗಾಲಿಗಳು ಉರುಳುವ ಎರಡು ಹಳಿಗಳ ಒಳಬದಿಯಲ್ಲಿ ಇನ್ನೆರಡು ಹಳಿಗಳು ಕಾಣುತ್ತವೆ. ಅವುಗಳ ಮೇಲೆ ಯಾವ ಗಾಲಿಯೂ ಹರಿಯದು. ಮುಖ್ಯ ಹಳಿಗಳು ಬೆಳ್ಳಿಯಂತೆ ಹೊಳೆಯುತ್ತಿದ್ದರೆ, ಇವು ತುಕ್ಕು ಹಿಡಿದು ಕಂದಾಗಿರುತ್ತವೆ. ವರ್ಷಗಟ್ಟಲೆ ಕೆಲಸವಿಲ್ಲದೆ ಬಿದ್ದಿರುವ ಈ ಕಬ್ಬಿಣ ವ್ಯರ್ಥವಲ್ಲವೇ ಎಂದು ಯಾರಿಗಾದರೂ ಅನ್ನಿಸಬಹುದು.

ಇವು ಕಾವಲು ಹಳಿಗಳು. ಗಾಡಿ ಹಳಿ ತಪ್ಪದಂತೆ ತಡೆಯುವುದು ಇವುಗಳ ಕೆಲಸವಲ್ಲ. ತಪ್ಪಿದ ಮೇಲೆ ಅನಾಹುತವನ್ನು ಮಿತಿಯಲ್ಲಿಡುವುದೇ ಇವುಗಳ ಕೆಲಸ. ಮುಖ್ಯ ಹಳಿಗೂ ಕಾವಲು ಹಳಿಗೂ ನಡುವೆ ಸುಮಾರು 25 ಸೆಂಟಿಮೀಟರ್ ಅಂತರವಿರುತ್ತದೆ. ಗಾಡಿ ಹಳಿ ತಪ್ಪಿದಾಗ ಒಂದು ಬದಿಯ ಗಾಲಿ ಈ ಸಂದಿಗೆ ಇಳಿಯುತ್ತದೆ. ಅದು ಮತ್ತಷ್ಟು ಪಕ್ಕಕ್ಕೆ ಸರಿಯದಂತೆ ಕಾವಲು ಹಳಿ ಅಡ್ಡಗಟ್ಟುತ್ತದೆ. ಸ್ಲೀಪರುಗಳು ಮುರಿದಾವು, ಗಾಡಿ ಜಖಂಗೊಂಡೀತು. ಆದರೆ ಅದು ಸೇತುವೆಯ ಅಂಚನ್ನು ದಾಟಿ ಹೊಳೆಗೆ ಉರುಳುವ ಭಯ ಬಹುಮಟ್ಟಿಗೆ ತಪ್ಪುತ್ತದೆ.

ಘಟ್ಟದ ದಾರಿಗಳಲ್ಲಿಯೂ ಇದೇ ವಿವೇಕವನ್ನು ಕಾಣಬಹುದು. ಕ್ಯಾಸಲ್ ರಾಕ್‌ನಿಂದ ಗೋವೆಯ ಕಡೆಗೆ ಇಳಿಯುವ ರೈಲುದಾರಿ 37 ಮೀಟರಿಗೆ ಒಂದು ಮೀಟರಿನಷ್ಟು ಇಳಿಜಾರಾಗಿದೆ. ಇಂತಹ ಕಡೆ ಬ್ರೇಕು ಸೋತ ಗಾಡಿಯನ್ನು ಪಕ್ಕದ ಏರುದಾರಿಗೆ ತಿರುಗಿಸಿ ನಿಲ್ಲಿಸಲು ಕ್ಯಾಚ್ ಸೈಡಿಂಗ್‌ಗಳಿವೆ. ಆ ದಾರಿ ಯಾವ ಊರಿಗೂ ಹೋಗುವುದಿಲ್ಲ. ಪ್ರಾಣ ಉಳಿಸುವುದೊಂದೇ ಅದರ ಗುರಿ.

ಹಳಿ ತಪ್ಪದಂತೆ ಎಚ್ಚರ ವಹಿಸಿದರೆ ಸಾಲದೇ, ತಪ್ಪಿದ ಮೇಲಿನ ಏರ್ಪಾಡಿಗೆ ಹಣವೇಕೆ ಎಂಬ ವಾದವುಂಟು. ಎಚ್ಚರವೇ ಮೊದಲ ರಕ್ಷೆ ಎಂಬುದು ನಿಜ. ಆದರೆ ಮಳೆಗೆ ಮಣ್ಣು ಕುಸಿಯುವುದನ್ನೂ ಉಕ್ಕು ಬಿರುಕು ಬಿಡುವುದನ್ನೂ ಎಚ್ಚರವೊಂದೇ ತಡೆಯಲಾರದು. 2004ರ ಅಕ್ಟೋಬರ್ 23ರಂದು ಜಪಾನಿನ ನೀಗಾತ ಪ್ರಾಂತ್ಯದಲ್ಲಿ ಭೂಕಂಪವಾದಾಗ, ಗಂಟೆಗೆ ಸುಮಾರು 200 ಕಿಲೋಮೀಟರ್ ವೇಗದ ಷಿಂಕಾನ್ಸೆನ್ ಗಾಡಿಯ ಹತ್ತು ಬೋಗಿಗಳಲ್ಲಿ ಎಂಟು ಹಳಿ ತಪ್ಪಿದವು. ಗಾಡಿಯ ತಳದ ಭಾಗಗಳು ಆಕಸ್ಮಿಕವಾಗಿ ಹಳಿಗೆ ತಗುಲಿಕೊಂಡು ಅದನ್ನು ದೂರ ಸರಿಯಗೊಡಲಿಲ್ಲ. ಪ್ರಯಾಣಿಕರಲ್ಲಿ ಒಬ್ಬರೂ ಸಾಯಲಿಲ್ಲ. ಆ ಅದೃಷ್ಟವನ್ನೇ ನೆಚ್ಚಿ ಜಪಾನೀಯರು ಸುಮ್ಮನಿರಲಿಲ್ಲ. ಗಾಡಿಗಳ ತಳಕ್ಕೆ ಮಾರ್ಗದರ್ಶಿ ಕೊಂಡಿಗಳನ್ನು ಜೋಡಿಸಿದರು. ತೊಕೈಡೊ ಮಾರ್ಗದಲ್ಲಿ ಹಳಿಗಳ ಒಳಬದಿಗೆ ತಡೆಗಳನ್ನು ಹಾಕತೊಡಗಿದರು.

ಇಂತಹ ಸಾಧನಗಳಿಗೆ ದೊಡ್ಡ ಶತ್ರುವೆಂದರೆ ಅವುಗಳ ನಿರುಪಯೋಗದ ತೋರಿಕೆ. ಜಲ್ಲಿ ಹಾಸಿದ ಸೇತುವೆಗಳಲ್ಲಿ ಯಂತ್ರದಿಂದ ಜಲ್ಲಿ ಬಿಗಿಗೊಳಿಸುವಾಗ ಕಾವಲು ಹಳಿಗಳನ್ನು ಬಿಚ್ಚಬೇಕಾಗುತ್ತದೆ. ಅವನ್ನು ಮತ್ತೆ ಜೋಡಿಸದಿದ್ದರೂ ಮರುದಿನ ಗಾಡಿಗಳು ಎಂದಿನಂತೆಯೇ ಓಡುತ್ತವೆ. ಕೊರತೆ ಯಾರಿಗೂ ತಿಳಿಯದು. ಅದು ತಿಳಿಯುವ ದಿನ ತಿದ್ದಿಕೊಳ್ಳಲು ಅವಕಾಶವಿರುವುದಿಲ್ಲ. ಆದುದರಿಂದ ಬಿಚ್ಚಿದ ಹಳಿಯನ್ನು ಅಂದೇ ಜೋಡಿಸುವ ಕೆಲಸಗಾರನೂ, ಅದನ್ನು ತಪ್ಪದೆ ಪರೀಕ್ಷಿಸುವ ಅಧಿಕಾರಿಯೂ ತಮಗೆ ಪರಿಚಯವೇ ಇಲ್ಲದ ಸಾವಿರಾರು ಜನರ ಪ್ರಾಣರಕ್ಷಕರು. ಕಾವಲು ಹಳಿ ತುಕ್ಕು ಹಿಡಿದೇ ಇರಲಿ. ಆದರೆ ಅದು ತನ್ನ ಸ್ಥಾನದಲ್ಲಿರಲಿ.